ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಪಾಲು ಪತ್ರ ರಿಜಿಸ್ಟ್ರಿ ಮಾಡಿಸಲು ಎಲ್ಲಿಂದ ಶುರು ಮಾಡಬೇಕು?

ಪಡುಗಾಳಿ
ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಗ್ರಾಮದಲ್ಲಿ ನಮ್ಮ ಹಿರಿಯರ ಮನೆ ಉಂಟು. ಒಂದು ಎಕರೆ ಇಪ್ಪತ್ತು ಸೆಂಟ್ಸ್ ಜಾಗ. ತೆಂಗು, ಸ್ವಲ್ಪ ಅಡಿಕೆ, ಹಿಂದುಗಡೆ ಒಂದು ಗದ್ದೆ, ಮೂಲೆಯಲ್ಲಿ ನಾಗಬನ. ಅಜ್ಜ ಗೇಣಿಗೆ ಮಾಡುತ್ತಿದ್ದ ಜಾಗ ಇದು. ಭೂಸುಧಾರಣೆ ಸಮಯದಲ್ಲಿ ಗೇಣಿದಾರ ಎಂದು ಡಿಕ್ಲರೇಷನ್ ಕೊಟ್ಟು ಅವರ ಹೆಸರಿಗೆ ಆಯಿತು. ಅಜ್ಜ ತೀರಿಕೊಂಡು ಬಹಳ ವರ್ಷ ಆಯಿತು, ಅಪ್ಪನೂ ಈಗ ಇಲ್ಲ. ಪಹಣಿ ತೆಗೆದು ನೋಡಿದರೆ 9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ತೀರ್ವೆ (ಭೂಕಂದಾಯ) ಮಾತ್ರ ಅಪ್ಪ ತಪ್ಪದೆ ಕಟ್ಟುತ್ತಿದ್ದರು, ಈಗ ನಾನು ಕಟ್ಟುತ್ತಿದ್ದೇನೆ.

ಅಮ್ಮನಿಗೆ ತಾನು ಇರುವಾಗಲೇ ಪಾಲು ಆಗಬೇಕು ಎಂದು ಆಸೆ. ನಾನು ಮಂಗಳೂರಲ್ಲಿ, ತಮ್ಮ ದುಬೈಯಲ್ಲಿ, ಅಕ್ಕ ಡೊಂಬಿವಿಲಿಯಲ್ಲಿ. ನಮ್ಮೊಳಗೆ ತಕರಾರು ಇಲ್ಲ. ಹಾಗಾಗಿ ಸೀದಾ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಕೇಳಿದೆ. ಪಹಣಿ ನಿಮ್ಮ ಹೆಸರಲ್ಲಿಲ್ಲ, 11ಇ ನಕ್ಷೆ ಇಲ್ಲ, ಇಲ್ಲಿ ಏನೂ ಆಗುವುದಿಲ್ಲ ಎಂದರು. ತಾಲೂಕು ಆಫೀಸಿಗೆ ಹೋದರೆ ನಾಡಕಚೇರಿಗೆ ಹೋಗಿ ಎಂದರು. ಹೊರಗೆ ನಿಂತಿದ್ದ ಒಬ್ಬರು "ಎಲ್ಲಾ ನಾನು ಮಾಡಿಸಿಕೊಡುತ್ತೇನೆ" ಎಂದು ಒಂದು ದೊಡ್ಡ ಮೊತ್ತ ಹೇಳಿದರು. ಯಾವುದಕ್ಕೆ ಎಷ್ಟು ಎಂದು ಕೇಳಿದರೆ ಉತ್ತರ ಇಲ್ಲ.

ನಾನೇ ಓಡಾಡಿ ಮಾಡಿಸಬೇಕೆಂದಿದ್ದೇನೆ. ಮೊದಲು ಯಾವುದು, ನಂತರ ಯಾವುದು ಎಂದು ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ದಸ್ತಾವೇಜು
ನಾನು ಉಡುಪಿಯಲ್ಲಿ ಹಲವು ವರ್ಷ ಪತ್ರ ಬರೆಯುವ ಕೆಲಸ ಮಾಡಿದವನು. ಈಗ ಬಿಟ್ಟಿದ್ದೇನೆ. ನೀವೇ ಓಡಾಡಿ ಮಾಡಿಸಬಹುದು, ಹೆದರಬೇಡಿ.

ಮೊದಲು ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಿ. ಸಬ್ ರಿಜಿಸ್ಟ್ರಾರ್ ಆಫೀಸು ಪತ್ರವನ್ನು ನೋಂದಣಿ ಮಾಡುತ್ತದೆ. ಜಾಗ ಯಾರದ್ದು ಎಂದು ತೀರ್ಮಾನ ಮಾಡುವುದು ಆ ಆಫೀಸಿನ ಕೆಲಸ ಅಲ್ಲ. ರಿಜಿಸ್ಟ್ರಿ ಆಯಿತೆಂದರೆ ಎಲ್ಲಾ ಸರಿಯಾಯಿತು ಅಂತ ನಮ್ಮ ಕಡೆ ಜಾಸ್ತಿ ಜನ ನಂಬಿದ್ದಾರೆ. ಅದಕ್ಕೇ ಮೊದಲು ಅಲ್ಲಿಗೇ ಹೋಗುತ್ತಾರೆ. ನಿಜವಾಗಿ ಅದು ಕೊನೆಯ ಬಾಗಿಲು. ಅದಕ್ಕಿಂತ ಮೊದಲು ಕಂದಾಯ ಇಲಾಖೆ ಉಂಟು, ಸರ್ವೆ ಉಂಟು. ಈ ಮೂರು ಕಡೆಯ ದಾಖಲೆಯಲ್ಲಿ ಹೆಸರು, ಸರ್ವೆ ನಂಬ್ರ, ವಿಸ್ತೀರ್ಣ ಒಂದೇ ಆಗಿರಬೇಕು.

ನಿಮ್ಮದರಲ್ಲಿ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಜ್ಜನ ಮರಣ ಪತ್ರ, ಅಪ್ಪನ ಮರಣ ಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡುತ್ತಾರೆ, ಆಕ್ಷೇಪಣೆಗೆ ನೋಟಿಸ್ ಹಾಕುತ್ತಾರೆ, ನಂತರ ವಾರಸುದಾರರೆಲ್ಲರ ಹೆಸರು ಪಹಣಿಗೆ ಜಂಟಿಯಾಗಿ ಬರುತ್ತದೆ. ಎರಡನೆಯದು 11ಇ ನಕ್ಷೆ, ಅಂದರೆ ಪತ್ರ ಮಾಡುವ ಮೊದಲು ಯಾವ ತುಂಡು ಎಲ್ಲಿ ಎಂದು ಸರ್ವೆಯವರು ಅಳೆದು ಕೊಡುವ ನಕ್ಷೆ. ಒಂದು ಸರ್ವೆ ನಂಬ್ರದ ಕೃಷಿ ಜಮೀನನ್ನು ತುಂಡು ಮಾಡುವುದಾದರೆ ಅದು ಬೇಕೇ ಬೇಕು. ಮೂರನೆಯದು ವಿಭಾಗ ಪತ್ರ, ಅಂದರೆ ಪಾಲು ಪಟ್ಟಿ. ಅದು ರಿಜಿಸ್ಟ್ರಿ ಆದ ಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಹಣಿ ಬರಬೇಕು.

ತಾಲೂಕು ಆಫೀಸಿನ ಭೂದಾಖಲೆ ಕೋಣೆಯಿಂದ ಟ್ರಿಬ್ಯುನಲ್ (ಭೂ ನ್ಯಾಯಮಂಡಳಿ) ಆದೇಶದ ಪ್ರತಿ ಮತ್ತು ನಮೂನೆ 10ರ, ಅಂದರೆ ಗೇಣಿದಾರನಿಗೆ ಹಕ್ಕು ಕೊಟ್ಟ ಪತ್ರದ ಪ್ರತಿ ತೆಗೆದಿಡಿ. ಡಿಕ್ಲರೇಷನ್ ಜಾಗಕ್ಕೆ ಅದೇ ಮೂಲ. ಆದೇಶವಾದ ಮೇಲೆ 15 ವರ್ಷ ಪರಭಾರೆ (ಬೇರೆಯವರಿಗೆ ಮಾರುವುದು, ಕೊಡುವುದು) ಮಾಡಬಾರದು ಎಂಬ ಷರತ್ತು ಇತ್ತು. ನಿಮ್ಮ ಅಜ್ಜನ ಕಾಲದ್ದಾದರೆ ಅದು ಮುಗಿದಿರುತ್ತದೆ. ಆದರೂ ಆದೇಶದ ತಾರೀಕು ನೋಡಿಕೊಳ್ಳಿ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಅಪ್ಪನಿಗೆ ಅಕ್ಕ ತಂಗಿಯರು ಇದ್ದಾರಾ?

ಪಡುಗಾಳಿ
ತುಂಬಾ ಉಪಕಾರ ಸರ್. ಇಬ್ಬರು ಅತ್ತೆಯಂದಿರು. ದೊಡ್ಡತ್ತೆ ಕಾರ್ಕಳದಲ್ಲಿ ಇದ್ದಾರೆ. ಸಣ್ಣತ್ತೆ ತೀರಿಕೊಂಡಿದ್ದಾರೆ, ಅವರ ಮಕ್ಕಳಿಬ್ಬರು ಪುಣೆಯಲ್ಲಿ. ಅತ್ತೆಯಂದಿರಿಗೆ ಮದುವೆ ಸಮಯದಲ್ಲಿ ಚಿನ್ನ ಕೊಟ್ಟಿದ್ದಾರೆ, ಜಾಗದಲ್ಲಿ ಪಾಲು ಇಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅವರೂ ಯಾವತ್ತೂ ಕೇಳಿದವರಲ್ಲ.

ತೋಟದಮನೆ
ಅವರು ಕೇಳದಿದ್ದರೆ ನೀವು ಯಾಕೆ ಎಬ್ಬಿಸುವುದು ಮಾರಾಯ್ರೆ? ವಂಶವೃಕ್ಷದಲ್ಲಿ ಗಂಡುಮಕ್ಕಳ ಕಡೆ ಮಾತ್ರ ಬರೆಸಿ. ನಮ್ಮ ಊರಲ್ಲಿ ಜಾಸ್ತಿ ಜನ ಹಾಗೇ ಮಾಡಿದ್ದು. ಪುಣೆಯಲ್ಲಿ ಇರುವವರನ್ನೆಲ್ಲ ಕರೆಸಲಿಕ್ಕೆ ಹೊರಟರೆ ಈ ಜನ್ಮದಲ್ಲಿ ಪಾಲು ಆಗಲಿಕ್ಕಿಲ್ಲ.

ಕದ್ರಿ ಗುಡ್ಡೆ
ತೋಟದಮನೆಯವರೇ, ಇದನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಕೋರ್ಟಿನಲ್ಲಿ ವಕೀಲೆ ಆಗಿ ಕೆಲಸ ಮಾಡುತ್ತೇನೆ. ನನ್ನ ಮೇಜಿನ ಮೇಲಿರುವ ಪಾಲಿನ ದಾವೆಗಳಲ್ಲಿ ಹೆಚ್ಚಿನವು ಹೀಗೆ ಶುರುವಾದವು.

ವಂಶವೃಕ್ಷದ ಜೊತೆ ಅಫಿಡವಿಟ್ ಕೊಡುತ್ತೀರಿ. ಇಬ್ಬರು ಹೆಣ್ಣುಮಕ್ಕಳು ಇರುವಾಗ ಇಲ್ಲ ಎಂದು ಬರೆದರೆ ಅದು ಸುಳ್ಳು ಪ್ರಮಾಣ. ಇನ್ನೊಂದು, ಅಜ್ಜ ವೀಲುನಾಮೆ ಮಾಡದೆ ತೀರಿಕೊಂಡಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲರೂ ಮೊದಲ ವರ್ಗದ ವಾರಸುದಾರರು. ಮದುವೆ ಆಗಿದೆಯೋ, ಚಿನ್ನ ಕೊಟ್ಟಿದ್ದಾರೋ ಎಂಬುದರಿಂದ ಹಕ್ಕು ಹೋಗುವುದಿಲ್ಲ. ಸಣ್ಣತ್ತೆಯ ಹಕ್ಕು ಅವರ ವಾರಸುದಾರರಿಗೆ ಬಂದಿದೆ. ಮಕ್ಕಳ ಜೊತೆ ಮಾವ ಬದುಕಿದ್ದಾರೋ ಇಲ್ಲವೋ ಅದೂ ನೋಡಬೇಕು.

ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಹೆಸರು ಬಿಟ್ಟು ಹೋದ ಮಾತ್ರಕ್ಕೆ ಹಕ್ಕು ಸಾಯುವುದೂ ಇಲ್ಲ. ಇದನ್ನು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ನಾಳೆ ನಿಮ್ಮ ತಮ್ಮ ತನ್ನ ಪಾಲನ್ನು ಮಾರಲು ಹೊರಟಾಗ, ಕೊಳ್ಳುವವರ ಬ್ಯಾಂಕಿನ ವಕೀಲರು ಕೇಳುವ ಮೊದಲ ಪ್ರಶ್ನೆ, ಅಜ್ಜನಿಗೆ ಹೆಣ್ಣುಮಕ್ಕಳು ಇದ್ದರಾ ಅಂತ. ಆಗ ಅತ್ತೆಯ ಮಕ್ಕಳ ಮನೆಬಾಗಿಲಿಗೆ ಹೋಗುವುದಕ್ಕಿಂತ ಈಗ ಮರ್ಯಾದೆಯಿಂದ ಹೋಗುವುದು ಒಳ್ಳೆಯದು, ಅಲ್ವಾ? ಕಾನೂನು ಬದಿಗಿಡಿ. ಆ ಮನೆಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಕ್ಕಳು ಅವರು. ಅವರ ಹೆಸರನ್ನು ಒಂದು ಕಾಗದದಿಂದ ಅಳಿಸಿ ಹಾಕುವುದು ಸರಿಯಲ್ಲ.

ಅವರಿಗೆ ಪಾಲು ಬೇಡ ಎಂದಾದರೆ ಹಕ್ಕು ಬಿಡುಗಡೆ ಪತ್ರ ಮಾಡಿಸಿ. ಬಾಯಿಮಾತು ಸಾಲದು, ಮನೆಯಲ್ಲಿ ಬರೆದ ಚೀಟಿಯೂ ಸಾಲದು. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಅದು ರಿಜಿಸ್ಟ್ರಿ ಆಗಲೇಬೇಕು.

ನಿಮ್ಮದು ಅಳಿಯಕಟ್ಟಿನ (ತಾಯಿಯ ಕಡೆಯಿಂದ ಆಸ್ತಿ ಬರುವ) ಕುಟುಂಬ ಆಗಿದ್ದರೆ ಇಲ್ಲಿ ಹೇಳಿ. ಹಳೆಯ ಕುಟುಂಬದ ಜಾಗವಾದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಕವರು (ತಾಯಿಯ ಕಡೆಯ ಕವಲು), ಕವರಿನ ಪಾಲು ಎಂದು ಲೆಕ್ಕ ಬೇರೆ ಬರುತ್ತದೆ. ಅದಕ್ಕೆ ಮುಖಾಮುಖಿ ಕೂತು ದಾಖಲೆ ನೋಡಿಯೇ ಹೇಳಬೇಕು.

ಪಡುಗಾಳಿ
ಅಕ್ಕಾ, ನಮ್ಮದು ಮಕ್ಕಳಕಟ್ಟು, ಅಪ್ಪನಿಂದ ಮಕ್ಕಳಿಗೆ ಬರುವುದು. ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ದೊಡ್ಡತ್ತೆಯನ್ನು ಬಿಟ್ಟು ಆ ಮನೆಯಲ್ಲಿ ಏನೂ ಆಗಬಾರದು" ಎಂದರು. ಈ ಭಾನುವಾರ ಕಾರ್ಕಳಕ್ಕೆ ಹೋಗುತ್ತೇನೆ.

ಕುಂದಾಪ್ರದಕ್ಕ
ಒಳ್ಳೆಯದು ತಮ್ಮ. ಪೌತಿ ಖಾತೆ ವಿಷಯದಲ್ಲಿ ನನಗಾದ ಎರಡು ತೊಂದರೆ ಹೇಳುತ್ತೇನೆ, ಈಗಲೇ ನೋಡಿಟ್ಟುಕೊಳ್ಳಿ.

ಒಂದು, ಅಜ್ಜನ ಮರಣ ಪತ್ರ. ಆಗಿನ ಕಾಲದಲ್ಲಿ ಮನೆಯಲ್ಲಿ ತೀರಿಕೊಂಡವರ ಮರಣ ಯಾರೂ ಬರೆಸುತ್ತಿರಲಿಲ್ಲ. ಒಂದು ವರ್ಷ ದಾಟಿದರೆ ಸುಮ್ನೆ ಅರ್ಜಿ ಕೊಟ್ಟರೆ ಆಗುವುದಿಲ್ಲ, ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಮೊದಲು ನೋಂದಣಿ ಆಗಿಲ್ಲ ಎಂಬ ಹಿಂಬರಹ ತೆಗೆದುಕೊಳ್ಳಬೇಕು. ಇದಕ್ಕೇ ನನಗೆ ಎಲ್ಲದಕ್ಕಿಂತ ಜಾಸ್ತಿ ಸಮಯ ಹೋಯಿತು.

ಎರಡು, ಹೆಸರು. ನಮ್ಮ ಅಪ್ಪನ ಹೆಸರು ಪಹಣಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ಹಳೇ ಪತ್ರದಲ್ಲಿ ಮನೆ ಹೆಸರು ಸೇರಿ ಇನ್ನೊಂದು ಥರ. ನಮ್ಮ ಕಡೆ ಮನೆ ಹೆಸರು ಮುಂದೆ, ಜಾತಿ ಹೆಸರು ಹಿಂದೆ, ನಡುವೆ ಅಪ್ಪನ ಹೆಸರು. ಬರೆಯುವವರು ಯಾವುದನ್ನು ಬಿಡುತ್ತಾರೋ ಹೇಳಲಿಕ್ಕಾಗುವುದಿಲ್ಲ. ಎಲ್ಲಾ ಹೆಸರಿನ ವ್ಯಕ್ತಿ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿದೆವು. ನೀವೂ ಎಲ್ಲಾ ಕಾಗದ ಚಾವಡಿಯಲ್ಲಿ ಹರಡಿ, ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು ಹೋಲಿಸಿ ನೋಡಿ.

ಹಾಗೇ ಪಹಣಿಯ 11ನೇ ಕಾಲಂ ನೋಡಿ. ಅಜ್ಜ ತೆಗೆದ ಸೊಸೈಟಿ ಸಾಲ ತೀರಿ ಹೋಗಿದ್ದರೂ ಅಲ್ಲಿ ಹಾಗೇ ಇರುತ್ತದೆ. ಸೊಸೈಟಿಯಿಂದ ಋಣಮುಕ್ತ ಪತ್ರ ತಂದು ತೆಗೆಸಬೇಕು.

ನಂತೂರು ಜಂಕ್ಷನ್
ನಮ್ಮದು ಮಂಗಳೂರಲ್ಲಿ ಫ್ಲಾಟ್. ಮಾರಲಿಕ್ಕೆ ಹೊರಟರೆ ಇ-ಖಾತೆ ಇಲ್ಲದೆ ಆಗುವುದಿಲ್ಲ ಎಂದರು. ಇದು ಎಲ್ಲರಿಗೂ ಉಂಟಾ?

ಹಳೇ ದಸ್ತಾವೇಜು
ಹೌದು. ನಗರ ಪ್ರದೇಶದ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಇ-ಖಾತೆ (ಕಂಪ್ಯೂಟರಿನಲ್ಲಿರುವ ಆಸ್ತಿ ಖಾತೆ) ಕಡ್ಡಾಯ. ನಿಮ್ಮದು ಮಹಾನಗರ ಪಾಲಿಕೆಯಲ್ಲಿ ಆಗಬೇಕು. ಪಂಚಾಯತ್ ವ್ಯಾಪ್ತಿಯ ಮನೆ, ಸೈಟಿಗೆ ಇ-ಸ್ವತ್ತಿನ (ಪಂಚಾಯತ್ ಆಸ್ತಿಗಳ ತಂತ್ರಾಂಶ) ನಮೂನೆ 9 ಮತ್ತು 11, ನಮ್ಮವರು ನೈನ್ ಇಲೆವೆನ್ ಅನ್ನುವುದು. ಅದಕ್ಕೆ ಮೊದಲು ಕನ್ವರ್ಷನ್ (ಕೃಷಿ ಜಾಗವನ್ನು ಕೃಷಿಯೇತರ ಮಾಡುವುದು) ಆಗಿರಬೇಕು, ವಿನ್ಯಾಸ ನಕ್ಷೆಗೆ ಅನುಮೋದನೆ ಬೇಕು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವ ಬಡವನಿಗೂ ಈ ದಾರಿ ತಪ್ಪಿದ್ದಲ್ಲ. ನಮ್ಮ ಎರಡು ಜಿಲ್ಲೆಯಲ್ಲಿ ಜನ ಇದರಿಂದ ನಿಜವಾಗಿ ಕಷ್ಟಪಡುತ್ತಿದ್ದಾರೆ. ಸರಕಾರ ಇದನ್ನು ಸುಲಭ ಮಾಡಲೇಬೇಕು.

ಪಡುಗಾಳಿಯವರ ಜಾಗ ಪಹಣಿಯಲ್ಲಿರುವ ಕೃಷಿ ಜಮೀನು, ಅವರಿಗೆ ಈಗ ಇದು ಬರುವುದಿಲ್ಲ.

ಸರಪಳಿ
ನಾನು ಸರ್ವೆ ಕೆಲಸದವನು. 11ಇ ವಿಷಯ ಹೇಳುತ್ತೇನೆ.

ಅರ್ಜಿ ಮೋಜಿಣಿಯಲ್ಲಿ (ಸರ್ವೆ ಇಲಾಖೆಯ ತಂತ್ರಾಂಶ) ಹೋಗುತ್ತದೆ, ಸರ್ವೆಯರ್ ಹಂಚಿಕೆ ಆಗುತ್ತದೆ, ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಅಳತೆಯ ದಿನ ಯಾರಿಗೆ ಎಲ್ಲಿಂದ ಎಲ್ಲಿಗೆ ಎಂದು ಮನೆಯವರು ಮೊದಲೇ ಮಾತಾಡಿ ಇಟ್ಟಿರಬೇಕು. ಎಷ್ಟೋ ಮನೆಯಲ್ಲಿ ನಾವು ಸರಪಳಿ ಹಿಡಿದು ನಿಂತಾಗ ಅಣ್ಣತಮ್ಮಂದಿರು ತೆಂಗಿನ ಮರ ಲೆಕ್ಕ ಹಾಕಲು ಶುರು ಮಾಡುತ್ತಾರೆ. ಆ ದಿನ ಕೆಲಸ ಆಗುವುದಿಲ್ಲ, ಮತ್ತೆ ಸರದಿ ಬರಲಿಕ್ಕೆ ಕಾಯಬೇಕು. ಹಿಂದಿನ ವಾರವೇ ಹಗ್ಗ ಕಟ್ಟಿ, ಗೂಟ ಹೊಡೆದು ಇಡಿ. ಗಡಿಯ ಪೊದೆ ಕಡಿಸಿ. ಗಡಿಕಲ್ಲು ಮಣ್ಣಿನೊಳಗೆ ಹೋಗಿದ್ದರೆ ಹುಡುಕಿಸಿ. ಕಡಲ ಬದಿಯ ಜಾಗದಲ್ಲಿ ಮಳೆಗಾಲ ಕಳೆದ ಮೇಲೆ ಮಾಡಿಸುವುದು ಒಳ್ಳೆಯದು. ಗದ್ದೆಯಲ್ಲಿ ನೀರು ನಿಂತಿರುವಾಗ ಕಲ್ಲು ಸಿಗುವುದಿಲ್ಲ.

ಎರಡನೆಯದು, ಬೇಲಿ ಇರುವಷ್ಟೂ ಜಾಗ ನಮ್ಮದು ಎಂದು ತಿಳಿಯಬೇಡಿ. ವರ್ಗ ಜಾಗದ, ಅಂದರೆ ಪಟ್ಟಾ ಜಾಗದ ಪಕ್ಕದ ಕುಮ್ಕಿ ಸರಕಾರದ್ದು. ಸೊಪ್ಪು, ಸೌದೆ ತೆಗೆಯುವ ಸವಲತ್ತು ಮಾತ್ರ ವರ್ಗದಾರರಿಗೆ. ಅಲ್ಲಿ ನಮ್ಮವರು ಅಡಿಕೆ ಹಾಕಿ ತಲೆಮಾರು ಕಳೆದಿರುತ್ತದೆ, ಆದರೂ ಅದನ್ನು ಪಾಲು ಪತ್ರದಲ್ಲಿ ಸೇರಿಸಲಿಕ್ಕೆ ಬರುವುದಿಲ್ಲ. ನಿಮ್ಮದು ಗೇಣಿ ಜಾಗವಾದ್ದರಿಂದ ಆದೇಶದಲ್ಲಿ ಎಷ್ಟು ಸೆಂಟ್ಸ್ ಇದೆಯೋ ಅಷ್ಟೇ. ಮೊಬೈಲಿನ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬ್ರ ತೋರಿಸುತ್ತದೆ. ಅಂದಾಜಿಗೆ ಸಾಕು, ಗಡಿ ತೀರ್ಮಾನಕ್ಕೆ ಬೇಡ.

ನಾಗಬನ ಯಾರ ಪಾಲಿಗೆ?

ಪಡುಗಾಳಿ
ಅದನ್ನು ಯಾರ ಪಾಲಿಗೂ ಕೊಡುವುದು ಬೇಡ, ಎಲ್ಲರಿಗೂ ಸೇರಿದ್ದಾಗಿ ಇರಲಿ ಎಂದಿದ್ದೇವೆ. ಹಾಗೆ ಬರೆಯಬಹುದಾ?

ಸರಪಳಿ
ಖಂಡಿತ. ನಕ್ಷೆಯಲ್ಲಿ ಬೇರೆ ತುಂಡಾಗಿ ತೋರಿಸಿ, ಜಂಟಿ ಎಂದು ಇಡಿ. ಆದರೆ ಅದಕ್ಕೆ ಹೋಗುವ ದಾರಿಯನ್ನೂ ಅದೇ ದಿನ ಅಳತೆ ಮಾಡಿಸಿ. ದಾರಿ ನಕ್ಷೆಯಲ್ಲಿ ಇಲ್ಲದಿದ್ದರೆ ಇಪ್ಪತ್ತು ವರ್ಷ ಕಳೆದು ಯಾರಾದರೂ ಕಂಪೌಂಡ್ ಕಟ್ಟುತ್ತಾರೆ.

ಬರ್ ದುಬೈ
ತಮ್ಮನ ವಿಷಯ ನಾನು ಹೇಳಬಹುದು. ನಮ್ಮ ಮನೆಯ ಪಾಲು ಆಗುವಾಗ ನನಗೆ ರಜೆ ಸಿಗಲಿಲ್ಲ. ದುಬೈಯಲ್ಲಿರುವ ಭಾರತದ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿಗೆ ಅಟೆಸ್ಟ್ ಮಾಡಿಸಿ ಕಳಿಸಿದೆ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಸ್ಟ್ಯಾಂಪ್ ಶುಲ್ಕ ಕಟ್ಟಿ ಮುದ್ರೆ ಹಾಕಿಸಬೇಕು. ಇದು ಬಹಳ ಮುಖ್ಯ, ಅಂಚೆಯ ಲಕೋಟೆಯನ್ನೂ ಜೋಪಾನ ಮಾಡಿ.

ಬರೆಸುವಾಗ ಸರ್ವೆ ನಂಬ್ರ, ಗ್ರಾಮ, ವಿಸ್ತೀರ್ಣ ಎಲ್ಲಾ ಹಾಕಿಸಿ, ಈ ಜಾಗದ ವಿಭಾಗ ಪತ್ರಕ್ಕೆ ಸಹಿ ಹಾಕುವುದಕ್ಕೆ ಮಾತ್ರ ಎಂದು ಬರೆಸಿ. ಎಲ್ಲಾ ಅಧಿಕಾರ ಕೊಡುವ ಜನರಲ್ ಪವರ್ ಬೇಡ. ನಾವು ದೂರ ಇರುವವರು. ಊರಲ್ಲಿ ನಮ್ಮ ಹೆಸರಲ್ಲಿ ಏನು ಆಗುತ್ತದೆ ಎಂದು ನೋಡಲಿಕ್ಕೆ ಆಗುವುದಿಲ್ಲ.

ಡೊಂಬಿವಿಲಿ ಅಕ್ಕ ಬರಲಿಕ್ಕೆ ಆಗದಿದ್ದರೆ ಅಲ್ಲಿನ ಸಬ್ ರಿಜಿಸ್ಟ್ರಾರ್ ಮುಂದೆ ಪವರ್ ಮಾಡಿಸಬಹುದು. ಆದರೆ ಒಂದು ರಾತ್ರಿಯ ರೈಲು ಅಲ್ವಾ, ಬರುವುದೇ ಒಳ್ಳೆಯದು.

ಮುಡಿಪು ಗುಡ್ಡ
ರಿಜಿಸ್ಟ್ರಿಯ ದಿನದ ಬಗ್ಗೆ ಯಾರೂ ಬರೆದಿಲ್ಲ. ಕಳೆದ ವರ್ಷ ನಮ್ಮದು ಆಯಿತು. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ವಿವರವೆಲ್ಲ ಮನೆಯಿಂದಲೇ ತುಂಬಬಹುದು. ಆಫೀಸಿನವರು ಪರಿಶೀಲನೆ ಮಾಡಿ ಒಪ್ಪಿದ ಮೇಲೆ ಶುಲ್ಕ ಆನ್‌ಲೈನ್‌ನಲ್ಲಿ ಕಟ್ಟಿ, ದಿನ ಮತ್ತು ಸಮಯ ಗೊತ್ತು ಮಾಡಿಕೊಳ್ಳುವುದು. ಆಫೀಸಿನಲ್ಲಿ ಫೋಟೊ, ಬೆರಳಚ್ಚು, ಸಹಿ ಅಷ್ಟೇ. ಸರ್ವರ್ ಸರಿ ಇದ್ದರೆ ಬೇಗ ಮುಗಿಯುತ್ತದೆ.

ನಮಗೆ ತಡವಾದದ್ದು ಬೆರಳಚ್ಚಿನಲ್ಲಿ. ನನ್ನ ಅಮ್ಮ ಸಣ್ಣ ಪ್ರಾಯದಿಂದ ಬೀಡಿ ಕಟ್ಟಿದವರು. ಹೆಬ್ಬೆರಳಿನ ಗೆರೆಗಳೇ ಇಲ್ಲ, ಚರ್ಮ ನುಣುಪಾಗಿ ಹೋಗಿದೆ. ಯಂತ್ರದ ಮೇಲೆ ಇಟ್ಟರೆ ತೆಗೆದುಕೊಳ್ಳುವುದಿಲ್ಲ. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಜನ್ನೂ ಒರೆಸಿ, ಒಂದೊಂದೇ ಬೆರಳು ಇಡಿಸಿದಳು. ಕೊನೆಗೆ ಎಡಗೈ ಉಂಗುರ ಬೆರಳು ತೆಗೆದುಕೊಂಡಿತು. ಹಿಂದೆ ಸಾಲಿನಲ್ಲಿ ಇದ್ದವರು ಗಡಿಬಿಡಿ ಮಾಡಿದರು, ಆ ಹುಡುಗಿ ಮಾತ್ರ ಅಮ್ಮನ ಹತ್ತಿರ "ನಿಧಾನ ಮಾಡಿ ಅಮ್ಮ" ಎನ್ನುತ್ತಾ ಇದ್ದಳು. ನಿಮ್ಮ ದೊಡ್ಡತ್ತೆಗೆ ಪ್ರಾಯ ಆಗಿರಬಹುದು. ಬೆಳಗ್ಗಿನ ಹೊತ್ತು ತೆಗೆದುಕೊಳ್ಳಿ, ಕೂರಲಿಕ್ಕೆ ಜಾಗ ನೋಡಿ, ಆಫೀಸು ಮಹಡಿಯಲ್ಲಿ ಇದೆಯಾ ಎಂದು ಮೊದಲೇ ತಿಳಿದುಕೊಳ್ಳಿ.

ಇನ್ನೊಂದು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಆಧಾರ್ ಬೆರಳಚ್ಚು ಬಳಸಿ ಹಣ ತೆಗೆದ ಪ್ರಕರಣ ಆಗಿತ್ತು, ಪೊಲೀಸರು ಹೊರರಾಜ್ಯದವರನ್ನು ಹಿಡಿದರು. ಪತ್ರದ ಪ್ರತಿಗಳಿಂದ ಬೆರಳಚ್ಚು ತೆಗೆದಿದ್ದರು. ಕೆಲಸ ಮುಗಿದ ಕೂಡಲೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ಅಮ್ಮನದ್ದು, ಅತ್ತೆಯದ್ದು ನೀವೇ ಮಾಡಿಕೊಡಿ.

ಹಳೇ ದಸ್ತಾವೇಜು
ದೊಡ್ಡತ್ತೆಗೆ ಬರಲಿಕ್ಕೇ ಆಗುವುದಿಲ್ಲ ಎಂದಾದರೆ ಅದಕ್ಕೂ ದಾರಿ ಉಂಟು. ಕಾಯಿಲೆಯವರ, ನಡೆಯಲಾಗದವರ ಮನೆಗೆ ಸಬ್ ರಿಜಿಸ್ಟ್ರಾರ್ ಬಂದು ನೋಂದಣಿ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಅರ್ಜಿ ಮತ್ತು ವೈದ್ಯರ ಪತ್ರ ಕೊಡಬೇಕು. ಹಾಗೇ 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಮಾಡಿಸಬಹುದು. ಕಾರ್ಕಳವೂ ಉಡುಪಿ ಜಿಲ್ಲೆಯೇ. ಅತ್ತೆಗೆ ಹತ್ತಿರ ಆಗುವ ಕಡೆ ಮಾಡಿಸಿ, ಓಡಾಡುವುದು ಪ್ರಾಯದವರಿಗೆ ಬಿಡಿ.

ಖರ್ಚಿನ ಬಗ್ಗೆ: ಕುಟುಂಬದೊಳಗಿನ ವಿಭಾಗ ಪತ್ರ, ಬಿಡುಗಡೆ ಪತ್ರಕ್ಕೆ ಸ್ಟ್ಯಾಂಪ್ ಶುಲ್ಕ ನಿಗದಿ ಮೊತ್ತ, ಕ್ರಯಪತ್ರದ ಹಾಗೆ ಶೇಕಡಾವಾರು ಅಲ್ಲ. ಕ್ರಯಕ್ಕಾದರೆ 5% ಸ್ಟ್ಯಾಂಪ್, ಅದರ ಮೇಲೆ ಸೆಸ್, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಹೊರಗೆ ನಿಂತವರು ಈ ಲೆಕ್ಕ ಹೇಳಿ ಹೆದರಿಸುತ್ತಾರೆ. ಸರಕಾರಕ್ಕೆ ಕಟ್ಟುವುದೆಲ್ಲ ಚಲನ್‌ನಲ್ಲಿ ಬರುತ್ತದೆ. ಚಲನ್ ಇಲ್ಲದ ದುಡ್ಡು ಯಾರಿಗೂ ಕೊಡಬೇಡಿ.

ಪಡುಗಾಳಿ
ಕಾರ್ಕಳಕ್ಕೆ ಹೋಗಿ ಬಂದೆ. ವಿಷಯ ಹೇಳಿದಾಗ ದೊಡ್ಡತ್ತೆ ಮೊದಲು ಕೇಳಿದ್ದು, "ಬಾವಿ ಹತ್ತಿರದ ಹಲಸಿನ ಮರ ಉಂಟಾ?" ಅಂತ. ಪಾಲು ಬೇಡ ಎಂದರು. ಒಂದೇ ಒಂದು ಕೇಳಿದರು: ನಾಗರ ಪಂಚಮಿಗೆ ತನು ಹಾಕಲಿಕ್ಕೆ (ನಾಗನಿಗೆ ಹಾಲೆರೆಯಲಿಕ್ಕೆ) ತಾನು, ತನ್ನ ಮಕ್ಕಳು, ಮೊಮ್ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ಬನಕ್ಕೆ ಬರುವ ಹಾಗೆ ಪತ್ರದಲ್ಲಿ ಬರೆಯಬೇಕು ಎಂದು. ಪುಣೆಯ ಭಾವಂದಿರ ಹತ್ತಿರ ಅವರೇ ಫೋನಿನಲ್ಲಿ ಮಾತಾಡಿದರು. ಸಣ್ಣ ಮಾವನೂ ಈಗಿಲ್ಲ, ಹಾಗಾಗಿ ಅವರಿಬ್ಬರೇ ವಾರಸುದಾರರು. ಅವರಿಗೆ ಹತ್ತು ಸೆಂಟ್ಸ್ ಆದರೂ ಕೊಡಬೇಕೆಂದು ನಮಗೆ ಅನ್ನಿಸಿತು, ಅಕ್ಕ ತಮ್ಮ ಇಬ್ಬರೂ ಒಪ್ಪಿದ್ದಾರೆ.

ಅತ್ತೆಯ ದಾರಿಯ ವಿಷಯ ಪತ್ರದಲ್ಲಿ ಹೇಗೆ ಬರೆಯುವುದು?

ಹಳೇ ದಸ್ತಾವೇಜು
ಓದಿ ಬಹಳ ಸಂತೋಷ ಆಯಿತು. ಹಾಗಾದರೆ ಬೇರೆ ಬಿಡುಗಡೆ ಪತ್ರ ಬೇಡ. ಪೌತಿಯಲ್ಲಿ ಎಲ್ಲರ ಹೆಸರು ಬರಲಿ, ನಂತರ ಎಲ್ಲರೂ ಸೇರಿ ಒಂದೇ ವಿಭಾಗ ಪತ್ರ ಮಾಡಿ. ದೊಡ್ಡತ್ತೆ ಅದರಲ್ಲೇ ಪಕ್ಷಗಾರರಾಗಿ ಬನದ ಜಂಟಿ ಹಕ್ಕು ಮಾತ್ರ ಇಟ್ಟುಕೊಳ್ಳಲಿ. ಕರಡನ್ನು ಕದ್ರಿ ಗುಡ್ಡೆಯವರಂಥ ಒಬ್ಬ ವಕೀಲರಿಗೆ ತೋರಿಸಿಯೇ ಕಾವೇರಿಗೆ ಹಾಕಿ.

ದಾರಿಯನ್ನು "ಮಾಮೂಲು ದಾರಿ" ಎಂದು ಬರೆಯಬೇಡಿ. ಹಳೇ ಪತ್ರಗಳಲ್ಲಿ ಹಾಗೇ ಇರುತ್ತದೆ, ಜಗಳವೂ ಅಲ್ಲೇ ಹುಟ್ಟುವುದು. ಎಷ್ಟು ಅಡಿ ಅಗಲ, ಯಾರ ತುಂಡಿನ ಯಾವ ಬದಿಯಲ್ಲಿ, ಮೂಡಿನಿಂದ ಪಡುವಿಗೋ ಬಡಗಿನಿಂದ ತೆಂಕಿಗೋ, ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎಲ್ಲಾ ಬರಲಿ. 11ಇ ನಕ್ಷೆಯಲ್ಲಿ ಇರುವ ಅಕ್ಷರವೇ ಪತ್ರದಲ್ಲೂ ಇರಲಿ. ಯಾರ ಪಾಲಿಗೆ ದಾರಿ ಬರುತ್ತದೋ ಅವರ ಷೆಡ್ಯೂಲಿನಲ್ಲೂ (ಆಸ್ತಿ ವಿವರದ ಪಟ್ಟಿ) ಅದನ್ನು ಇನ್ನೊಮ್ಮೆ ಬರೆಯಿರಿ. ನಾಳೆ ಆ ಪಾಲು ಮಾರಾಟವಾದರೂ ಕೊಳ್ಳುವವನ ಕಣ್ಣಿಗೆ ಬೀಳಬೇಕು.

ರಿಜಿಸ್ಟ್ರಿ ಆದ ಮೇಲೆ ಸುಮ್ಮನಾಗಬೇಡಿ. ಮಾಹಿತಿ ಪಹಣಿಯ ‘ಭೂಮಿ’ ತಂತ್ರಾಂಶಕ್ಕೆ ತಾನಾಗಿ ಹೋಗುತ್ತದೆ, ಆದರೆ ಮ್ಯುಟೇಶನ್ ಆಯಿತಾ ಎಂದು ನೀವೇ ನೋಡಬೇಕು. ಹೊಸ ಪಹಣಿ ಬಂದ ದಿನವೇ ಹೆಸರಿನ ಅಕ್ಷರ, ಸೆಂಟ್ಸ್ ಲೆಕ್ಕ ಸರಿ ಇದೆಯಾ ನೋಡಿ, ಇಸಿ (ಋಣಭಾರ ಪತ್ರ) ಕೂಡ ತೆಗೆದಿಡಿ.

ಕದ್ರಿ ಗುಡ್ಡೆ
ಕರಡು ಆದ ಮೇಲೆ ಕಳಿಸಿ ತಮ್ಮ, ನಾನು ನೋಡುತ್ತೇನೆ. ಫೀಸ್ ಬೇಡ. ಪುಣೆಯವರ ಆಧಾರ್ ಹೆಸರು, ಅವರ ಅಮ್ಮನ ಮರಣ ಪತ್ರದಲ್ಲಿರುವ ಹೆಸರು ಎರಡೂ ಹೋಲಿಸಿ ನೋಡಿ. ಮಹಾರಾಷ್ಟ್ರದಲ್ಲಿ ಮದುವೆಯಾದ ಮೇಲೆ ಹೆಸರು ಬದಲಾಗಿರುತ್ತದೆ.

ತೋಟದಮನೆ
ಪಡುಗಾಳಿಯವರೇ, ನಿಮ್ಮ ಅತ್ತೆಯ ವಿಷಯ ಓದಿ ನಮ್ಮ ಮನೆಯಲ್ಲೂ ಮಾತು ಶುರುವಾಗಿದೆ. ನಮ್ಮ ಪಹಣಿಯೂ ಇನ್ನೂ ಅಪ್ಪನ ಹೆಸರಲ್ಲೇ ಉಂಟು. ಅಕ್ಕಂದಿರು ಮೂವರು. ನಾಡಕಚೇರಿಗೆ ಅರ್ಜಿ ಕೊಡುವಾಗ ಎಲ್ಲರೂ ಬರಬೇಕಾ, ಒಬ್ಬರು ಸಾಕಾ?

ಕುಂದಾಪ್ರದಕ್ಕ
ಅರ್ಜಿ ಒಬ್ಬರು ಕೊಟ್ಟರೆ ಸಾಕು. ಎಲ್ಲರ ಆಧಾರ್ ಪ್ರತಿ ಇಟ್ಟುಕೊಳ್ಳಿ, ವಿಚಾರಣೆ ದಿನ ಅಕ್ಕಂದಿರಲ್ಲಿ ಹತ್ತಿರ ಇರುವವರು ಬಂದರೆ ಒಳ್ಳೆಯದು. ಅಪ್ಪನ ಮರಣ ಪತ್ರ ಉಂಟಲ್ವಾ? ಇದ್ದರೆ ಸೋಮವಾರವೇ ಹೋಗಿ.